ದರ ಕೇಳುವ ಮುಂಚೆ ವಯಸ್ಸು ಕೇಳಿ

ನಾಟಿಯೋ, ಗಿರಿರಾಜವೋ, ಬ್ರಾಯ್ಲರೋ? ಕವಲಂದೆ ಸೀಮೆಯ ಭಾನುವಾರದ ಎಸರಿಗೆ ಕೋಳಿ ಆರಿಸುವ, ಕೊಯ್ಯಿಸುವ, ಬೇಯಿಸುವ ಲೆಕ್ಕಾಚಾರ

ನಂಜನಗೂಡು ಸೀಮೆಯ ಬಹಳಷ್ಟು ಮನೆಗಳಲ್ಲಿ ಸೋಮವಾರ ಬಾಡು ಬೇಯುವುದಿಲ್ಲ. ಅದು ನಂಜುಂಡೇಶ್ವರನ ವಾರ. ಶ್ರಾವಣ, ಕಾರ್ತಿಕಗಳಲ್ಲಿ ತಿಂಗಳಿಡೀ ಬಾಯಿ ಕಟ್ಟುವವರೂ ಇದ್ದಾರೆ. ಹೀಗೆ ಕಟ್ಟಿದ ಬಾಯಿಗೆ ಭಾನುವಾರವೆಂದರೆ ಬಾಕಿ ಚುಕ್ತಾ ಮಾಡುವ ದಿನ. ನಂಜನಗೂಡು–ಚಾಮರಾಜನಗರ ರೈಲು ಹಾದಿಯ ಕವಲಂದೆಯಿರಲಿ, ದೊಡ್ಡಕವಲಂದೆ ಹೋಬಳಿಯ ಹಳ್ಳಿಗಳಿರಲಿ, ಹೊಳೆ ದಾಟಿ ತಿ. ನರಸೀಪುರದ ಕಡೆಯಿರಲಿ, ಅಂದು ಹಿಟ್ಟಿನ ಜೊತೆಗೆ ಎಸರು ಇರಲೇಬೇಕು. ಯುಗಾದಿ ಮಾರನೆಯ ವರ್ಷತೊಡಕು, ಊರ ಮಾರಿಹಬ್ಬ, ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆ ಬಂದರಂತೂ ಕೇಳುವುದೇ ಬೇಡ.

ಇಷ್ಟು ಆಸೆಪಟ್ಟು ತಿನ್ನುವ ಕೋಳಿಯನ್ನು ನಾವು ಕೊಳ್ಳುವುದು ಮಾತ್ರ ಎರಡೇ ನಿಮಿಷದಲ್ಲಿ. ‘ಕೆ.ಜಿ. ಎಷ್ಟು?’ ಎಂದು ಕೇಳುತ್ತೇವೆ, ‘ಒಂದೂವರೆ ಹಾಕಿ’ ಎನ್ನುತ್ತೇವೆ, ಕಪ್ಪು ಕವರ್ ಹಿಡಿದು ಮನೆಗೆ ಬರುತ್ತೇವೆ. ಮನೆಯಲ್ಲಿ ಮಾಂಸ ಬೇಯಲಿಲ್ಲ, ಇಲ್ಲವೇ ಬೆಂದು ಕರಗಿಹೋಯಿತು ಎಂದಾಗ ಬೈಗುಳ ಅಂಗಡಿಯವನಿಗೋ ಅಡುಗೆ ಮಾಡಿದವರಿಗೋ ಬೀಳುತ್ತದೆ. ಎಷ್ಟೋ ಸಲ ತಪ್ಪು ಇಬ್ಬರದೂ ಅಲ್ಲ. ಒಂದು ಅಡುಗೆಗೆ ಹೊಂದುವ ಹಕ್ಕಿಯನ್ನು ಇನ್ನೊಂದು ಅಡುಗೆಗೆ ತಂದದ್ದೇ ತಪ್ಪು. ಕೋಳಿಯ ಗುಣವನ್ನು ಮೊದಲು ತೀರ್ಮಾನಿಸುವುದು ಅದರ ವಯಸ್ಸು. ಬೆಲೆ, ತಳಿ, ಬಣ್ಣ ಎಲ್ಲ ಆಮೇಲೆ.

40 ದಿನ, 200 ದಿನ

ಶೆಡ್ಡಿನ ಬ್ರಾಯ್ಲರ್ ಕೋಳಿ 35ರಿಂದ 42 ದಿನಕ್ಕೆ ಎರಡು ಕೆ.ಜಿ. ತೂಗುತ್ತದೆ. ಹಿತ್ತಿಲಲ್ಲಿ ಕೆದಕಿಕೊಂಡು ತಿನ್ನುವ ಊರ ಹೇಂಟೆ ಒಂದೂವರೆ ಕೆ.ಜಿ. ಮುಟ್ಟಲು ಆರೇಳು ತಿಂಗಳು ಬೇಕು. ವ್ಯತ್ಯಾಸ ತೂಕದಲ್ಲಿ ಮಾತ್ರ ಇಲ್ಲ. ಹಕ್ಕಿ ನಡೆದಷ್ಟೂ, ಹಾರಿದಷ್ಟೂ, ಬೆಳೆದಷ್ಟೂ ಅದರ ಸ್ನಾಯುಗಳನ್ನು ಸುತ್ತಿರುವ ಕೊಲ್ಯಾಜನ್ ಎಂಬ ಅಂಟುನಾರು ಗಟ್ಟಿಯಾಗುತ್ತ ಹೋಗುತ್ತದೆ. ಅವಸರದ ಉರಿಗೆ ಅದು ಜಗ್ಗುವುದಿಲ್ಲ, ರಬ್ಬರಿನ ಹಾಗೆ ನಿಲ್ಲುತ್ತದೆ. ಸಣ್ಣ ಉರಿಯಲ್ಲಿ, ನೀರಿನಲ್ಲಿ, ಗಂಟೆಗಟ್ಟಲೆ ಇಟ್ಟರೆ ಕರಗಿ ಜೆಲಾಟಿನ್ ಆಗುತ್ತದೆ. ನಾಟಿ ಕೋಳಿ ಎಸರು ಕುಡಿದ ಮೇಲೆ ತುಟಿಗೆ ತುಟಿ ಅಂಟಿದಂತಾಗುತ್ತದಲ್ಲ, ಅದು ಈ ಜೆಲಾಟಿನ್ನಿನ ಕೆಲಸ.

ಬ್ರಾಯ್ಲರಿನಲ್ಲಿ ಈ ನಾರು ಇನ್ನೂ ಎಳಸು. 20–25 ನಿಮಿಷದಲ್ಲಿ ಮಾಂಸ ಬೇಯುತ್ತದೆ. ಅದನ್ನೇ ನಾಟಿ ಕೋಳಿಯ ಹಾಗೆ ಒಂದು ಗಂಟೆ ಕುದಿಸಿದರೆ ಎಸರಿಗೂ ರುಚಿ ಬರುವುದಿಲ್ಲ, ಮಾಂಸವೂ ಎಳೆ ಎಳೆಯಾಗಿ ಬಿಡುತ್ತದೆ. ನಾಟಿ ಹುಂಜವನ್ನು ಕಬಾಬಿಗೆ ಹಾಕಿದರೆ ದವಡೆಗೆ ನೋವು. ಎರಡೂ ಒಳ್ಳೆಯ ಕೋಳಿಗಳೇ, ಬೇಯುವ ಪಾತ್ರೆಗಳು ಮಾತ್ರ ಬೇರೆ.

ಕಾಲು ನೋಡಿ, ಕೊಕ್ಕು ನೋಡಿ

ವಯಸ್ಸು ತಿಳಿಯಲು ಅಂಗಡಿಯವನ ಮಾತನ್ನೇ ನಂಬಬೇಕಿಲ್ಲ. ಕೋಳಿಯ ಮೈಮೇಲೆ ಎಲ್ಲ ಬರೆದಿರುತ್ತದೆ. ಹುಂಜದ ಕಾಲಿನ ಹಿಂದಿರುವ ಮುಳ್ಳು ಎಳೆಯದರಲ್ಲಿ ಬರೀ ಗುಬುಟು. ವಯಸ್ಸು ಏರಿದಂತೆ ಉದ್ದವಾಗಿ, ಚೂಪಾಗಿ, ಕೊಂಬಿನಂತೆ ಗಟ್ಟಿಯಾಗುತ್ತದೆ. ಎದೆಯ ನಡುಮೂಳೆಯ ತುದಿಯನ್ನು ಬೆರಳಲ್ಲಿ ಒತ್ತಿ ನೋಡಿ. ಬಾಗಿದರೆ ಎಳೆಯ ಹಕ್ಕಿ, ಕಲ್ಲಿನಂತಿದ್ದರೆ ಬಲಿತದ್ದು. ಕಾಲಿನ ಪೊರೆಗಳು ನಯವಾಗಿದ್ದರೆ ಪ್ರಾಯ, ಒರಟಾಗಿ ಎದ್ದಿದ್ದರೆ ಮುದಿ.

ಮಣ್ಣು ಕೆದಕಿದ ಕೋಳಿಯ ಉಗುರು ಸವೆದಿರುತ್ತದೆ, ಅಂಗಾಲು ಗಡುಸಾಗಿರುತ್ತದೆ. ‘ನಾಟಿ’ ಎಂದು ಕೊಟ್ಟ ಹಕ್ಕಿಯ ಕೊಕ್ಕಿನ ತುದಿ ಮೊಂಡಾಗಿ ಕತ್ತರಿಸಿದ್ದರೆ ಅದು ಹಿತ್ತಿಲ ಕೋಳಿಯಲ್ಲ. ಫಾರಂಗಳಲ್ಲಿ ಕೋಳಿಗಳು ಒಂದನ್ನೊಂದು ಕುಕ್ಕದಿರಲೆಂದು ಮರಿಯಾಗಿದ್ದಾಗಲೇ ಕೊಕ್ಕು ಕತ್ತರಿಸುತ್ತಾರೆ. ಹಳ್ಳಿ ಮನೆಯಲ್ಲಿ ಆ ಕೆಲಸವನ್ನು ಯಾರೂ ಮಾಡುವುದಿಲ್ಲ.

ಹಳದಿ ಕಾಲನ್ನು ಕಂಡು ‘ಅಪ್ಪಟ ನಾಟಿ’ ಎನ್ನುವವರಿದ್ದಾರೆ. ಹಾಗೆ ಹೇಳಲು ಬರುವುದಿಲ್ಲ. ಕಾಲಿನ ಹಳದಿ ಮೆಕ್ಕೆಜೋಳ, ಸೊಪ್ಪು ತಿಂದು ಬರುವ ಬಣ್ಣ. ಹೇಂಟೆ ಮೊಟ್ಟೆ ಇಡತೊಡಗಿದ ಮೇಲೆ ಆ ಬಣ್ಣ ಮೊಟ್ಟೆಯ ಹಳದಿಗೆ ಇಳಿದು ಕಾಲು ಬಿಳಿಚಿಕೊಳ್ಳುತ್ತದೆ. ಬಹಳ ದಿನ ಮೊಟ್ಟೆ ಇಟ್ಟ ಹೇಂಟೆಯನ್ನು ಕಾಲಿನ ಬಣ್ಣದಿಂದ ಗುರುತು ಹಿಡಿಯುವುದು ಸಾಕುವವರ ಹಳೆಯ ಪಾಠ.

ಈ ಹಳದಿಗೆ ನಮ್ಮ ಕಾಡಿನ ನಂಟೂ ಇದೆ. ಸಾಕು ಕೋಳಿಯ ಮೂಲ ಕೆಂಪು ಕಾಡುಕೋಳಿ ಎಂಬುದು ಸರಿ. ಆದರೆ ಹಳದಿ ಚರ್ಮದ ಗುಣ ಬಂದದ್ದು ಬೂದು ಕಾಡುಕೋಳಿಯಿಂದ ಎಂದು ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಆ ಬೂದು ಕಾಡುಕೋಳಿ ಇದೇ ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಡೆಗೆ ಚಾಚಿರುವ ಬಂಡೀಪುರದ ಕಾಡಿನಲ್ಲಿ ಇಂದಿಗೂ ಕೂಗುತ್ತದೆ. ಅದನ್ನು ಹಿಡಿಯುವುದೂ ತಿನ್ನುವುದೂ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

‘ನಾಟಿ’ ಎಂಬ ಬೋರ್ಡಿನ ಹಿಂದೆ

ನಾಟಿ ಕೋಳಿಯ ದರ ಬ್ರಾಯ್ಲರಿನ ದುಪ್ಪಟ್ಟು ದಾಟುವುದುಂಟು. ಬೆಲೆ ಇದ್ದಲ್ಲಿ ವೇಷವೂ ಇರುತ್ತದೆ. ‘ನಾಟಿ’ ಬೋರ್ಡಿನ ಕೆಳಗೆ ಸಾಮಾನ್ಯವಾಗಿ ಮೂರು ಬಗೆಯ ಹಕ್ಕಿಗಳು ಸಿಗುತ್ತವೆ. ಒಂದು, ನಿಜವಾದ ಊರ ಕೋಳಿ. ಎರಡು, ಗಿರಿರಾಜ, ಸ್ವರ್ಣಧಾರದಂಥ ಸುಧಾರಿತ ತಳಿಗಳು ಮತ್ತು ಅವುಗಳ ಮಿಶ್ರಣ. ಮೂರು, ಮೊಟ್ಟೆ ಇಟ್ಟು ಮುಗಿಸಿದ ಫಾರಂ ಹೇಂಟೆ, ಅಂದರೆ ಲೇಯರ್.

ಗಿರಿರಾಜ ನಮ್ಮದೇ ರಾಜ್ಯದ ಕೂಸು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದ ಕೋಳಿ ವಿಜ್ಞಾನ ವಿಭಾಗ ಅದನ್ನು ರೂಪಿಸಿ 1989ರಲ್ಲಿ ಬಿಡುಗಡೆ ಮಾಡಿತು. ಹಿತ್ತಿಲಲ್ಲಿ ಬಿಟ್ಟರೆ ಬದುಕುವಷ್ಟು ಗಟ್ಟಿಮುಟ್ಟು, ಊರ ಕೋಳಿಗಿಂತ ಬೇಗ ತೂಕ. ಊರ ಹೇಂಟೆ ವರ್ಷಕ್ಕೆ 50–60 ಮೊಟ್ಟೆ ಇಟ್ಟರೆ ಗಿರಿರಾಜ 130ರಿಂದ 150 ಇಡುತ್ತದೆ. 2005ರಲ್ಲಿ ಬಂದ ಸ್ವರ್ಣಧಾರ ಮೊಟ್ಟೆಯಲ್ಲಿ ಅದನ್ನೂ ಮೀರಿಸಿತು. ಆದರೆ ಗಿರಿರಾಜ ಕಾವಿಗೆ ಕೂರುವುದು ಅಪರೂಪ. ಅದಕ್ಕೇ ನಮ್ಮ ಹೆಂಗಸರು ಅದರ ಮೊಟ್ಟೆಯನ್ನು ಊರ ಹೇಂಟೆಯ ಕೆಳಗಿಟ್ಟು ಮರಿ ಮಾಡಿಸುತ್ತಾರೆ. ಹಾಗೆ ಬೆಳೆದ ನಾಲ್ಕೈದು ತಿಂಗಳ ಗಿರಿರಾಜದ ಎಸರಿಗೆ ಹೆಸರಿಡುವ ಕಾರಣ ಏನೂ ಇಲ್ಲ. ಅದನ್ನು ‘ಗಿರಿರಾಜ’ ಎಂದೇ ಹೇಳಿ, ಅದರ ದರಕ್ಕೇ ಕೊಟ್ಟರಾಯಿತು.

ಮೋಸ ಹೆಚ್ಚು ಆಗುವುದು ಲೇಯರಿನಲ್ಲಿ. ಬಿಳಿ ಲೇಯರನ್ನು ಯಾರಾದರೂ ಗುರುತಿಸುತ್ತಾರೆ. ಕಂದು ಬಣ್ಣದ್ದು ನಾಟಿ ಪಂಜರಕ್ಕೆ ಸುಲಭವಾಗಿ ಸೇರಿಬಿಡುತ್ತದೆ. ಮೊಂಡು ಕೊಕ್ಕು, ಬಿಳಿಚಿದ ಕಾಲು, ಉದುರಿದ ಗರಿ, ಒಂದರಂತೆ ಇನ್ನೊಂದು ಇರುವ ಬಣ್ಣ, ಇವು ಅದರ ಚಹರೆ. ನಾಟಿ ಕೋಳಿಗಳ ಪಂಜರದಲ್ಲಿ ಕೆಂಚ, ಕರಿಯ, ಬೂದು, ಚುಕ್ಕೆ ಎಂದು ಹತ್ತು ಬಣ್ಣ ಕಾಣಬೇಕು.

ಇಷ್ಟರ ನಡುವೆ ನೆಮ್ಮದಿಯ ಸುದ್ದಿಯೊಂದಿದೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹಿತ್ತಿಲ ಕೋಳಿಗಳ ಸಂಖ್ಯೆ ಸುಮಾರು 31.7 ಕೋಟಿ. 2012ಕ್ಕೆ ಹೋಲಿಸಿದರೆ ಶೇ 45ಕ್ಕಿಂತ ಹೆಚ್ಚು ಏರಿಕೆ. ಅದೇ ಅವಧಿಯಲ್ಲಿ ಫಾರಂ ಕೋಳಿ ಏರಿದ್ದು ಶೇ 5ರ ಒಳಗೆ. ಹಿತ್ತಿಲ ಕೋಳಿ ಮುಗಿದ ಕತೆ ಎಂದುಕೊಂಡಿದ್ದವರ ಲೆಕ್ಕ ತಪ್ಪಿದೆ.

ಬ್ರಾಯ್ಲರ್ ಮೇಲಿನ ದೂರು: ಯಾವುದು ನಿಜ?

‘ಅದಕ್ಕೆ ಹಾರ್ಮೋನ್ ಇಂಜೆಕ್ಷನ್ ಹಾಕಿ ಉಬ್ಬಿಸುತ್ತಾರೆ’ ಎಂಬುದು ಎಲ್ಲ ಊರಿನಲ್ಲೂ ಕೇಳುವ ಮಾತು. ಒಂದು ಶೆಡ್ಡಿನಲ್ಲಿ ಐದಾರು ಸಾವಿರ ಹಕ್ಕಿಗಳಿರುತ್ತವೆ. ಒಂದೊಂದನ್ನೂ ಹಿಡಿದು ಮೇಲಿಂದ ಮೇಲೆ ಸೂಜಿ ಚುಚ್ಚುವುದು ನಡೆಯದ ಮಾತು, ಗಿಟ್ಟುವ ಮಾತೂ ಅಲ್ಲ. ಬ್ರಾಯ್ಲರ್ ಬೇಗ ಬೆಳೆಯುವುದು ದಶಕಗಳ ತಳಿ ಆಯ್ಕೆಯಿಂದ, ಮೆಕ್ಕೆಜೋಳ–ಸೋಯಾ ಮೇವಿನಿಂದ.

ನಿಜವಾಗಿ ಚಿಂತಿಸಬೇಕಾದದ್ದು ಆಂಟಿಬಯೋಟಿಕ್ ಬಗ್ಗೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2014ರಲ್ಲಿ ರಾಜಧಾನಿ ಪ್ರದೇಶದ 70 ಮಾದರಿಗಳನ್ನು ಪರೀಕ್ಷಿಸಿದಾಗ ಶೇ 40ರಲ್ಲಿ ಆಂಟಿಬಯೋಟಿಕ್ ಉಳಿಕೆ ಸಿಕ್ಕಿತ್ತು. ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಅಸ್ತ್ರ ಎನ್ನಿಸಿಕೊಂಡ ಕೊಲಿಸ್ಟಿನ್ ಅನ್ನು ಆಹಾರದ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಔಷಧ ಕೊಟ್ಟ ಮೇಲೆ ಇಷ್ಟು ದಿನ ಬಿಟ್ಟೇ ಮಾರಬೇಕು ಎಂಬ ನಿಯಮವೂ ಇದೆ. ಅದು ಪಾಲನೆಯಾಗುವುದು ಸಾಕುವವನ ಕೈಯಲ್ಲಿ. ನಿಮ್ಮ ಅಂಗಡಿಗೆ ಕೋಳಿ ಯಾವ ಶೆಡ್ಡಿನಿಂದ ಬರುತ್ತದೆ ಎಂದು ಕೇಳುವ ಗಿರಾಕಿಗಳು ಹೆಚ್ಚಾದಷ್ಟೂ ಈ ಸರಪಣಿ ಬಿಗಿಯಾಗುತ್ತದೆ.

ಹಾಗೆಂದು ಹಿತ್ತಿಲ ಕೋಳಿಗೆ ಕಣ್ಣುಮುಚ್ಚಿ ಸರ್ಟಿಫಿಕೇಟ್ ಕೊಡುವಂತಿಲ್ಲ. ಅದರ ಶತ್ರು ಕೊಕ್ಕರೆ ರೋಗ. 1927ರಲ್ಲಿ ಉತ್ತರದ ರಾಣಿಖೇತಿನಲ್ಲಿ ಪತ್ತೆಯಾದ್ದರಿಂದ ರಾಣಿಖೇತ್ ರೋಗವೆಂದೂ ಹೆಸರು. ಬಂದರೆ ಕೇರಿಯ ಕೋಳಿಯೆಲ್ಲ ಖಾಲಿ. ಪಕ್ಕದೂರಿಗೆ ರೋಗ ಬಂತೆಂದು ತಿಳಿದ ಕೂಡಲೇ ಸಿಕ್ಕ ಬೆಲೆಗೆ ಕೋಳಿ ಮಾರುವ ಅವಸರ ಶುರುವಾಗುತ್ತದೆ. ಇದ್ದಕ್ಕಿದ್ದಂತೆ ನಾಟಿ ಕೋಳಿ ಅಗ್ಗವಾದರೆ ಸಂಭ್ರಮ ಪಡುವ ಮುಂಚೆ ಕಾರಣ ಕೇಳಬೇಕು.

ಹಕ್ಕಿ ಜ್ವರದ ಭಯವೂ ನಮಗೆ ಹೊಸದಲ್ಲ. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ರೋಗ ದೃಢಪಟ್ಟು ಸಾವಿರಾರು ಕೋಳಿಗಳನ್ನು ಕೊಲ್ಲಬೇಕಾಯಿತು. ಒಳಗಿನ ಮಾಂಸ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬೇಯಿಸಿದರೆ ಆ ವೈರಸ್ ಸಾಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬೆಂದ ಎಸರಿನಿಂದ ಅಪಾಯವಿಲ್ಲ. ಕಾಯಿಲೆ ಬಿದ್ದ, ಸತ್ತ ಕೋಳಿಯನ್ನು ಮುಟ್ಟುವುದರಲ್ಲಿ, ಕೊಯ್ಯುವುದರಲ್ಲಿ ಅಪಾಯವಿದೆ.

ಅಂಗಡಿಯ ಮುಂದೆ

ಒಳ್ಳೆಯ ಕೋಳಿಯ ಕಣ್ಣು ಚುರುಕು, ಜುಟ್ಟು ಕೆಂಪು, ಮೂಗು ಒಣ, ಬಾಲದ ಕೆಳಗೆ ಚೊಕ್ಕಟ. ಬಾಯಿ ತೆರೆದು ಏದುಸಿರು ಬಿಡುವುದು, ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ತೂಕಡಿಸುವುದು, ಹಸಿರು ಹಿಕ್ಕೆ ಹಾಕುವುದು ಕಂಡರೆ ಆ ಹಕ್ಕಿ ಮಾತ್ರವಲ್ಲ, ಆ ಪಂಜರವೇ ಬೇಡ.

ಕಣ್ಣೆದುರೇ ಕೊಯ್ಯಿಸಿ. ಸಂಕೋಚಪಡುವ ಕಾರಣವಿಲ್ಲ. ಸರಿಯಾಗಿ ರಕ್ತ ಬಸಿದ ಮಾಂಸ ತಿಳಿ ಗುಲಾಬಿ ಬಣ್ಣದ್ದು. ಮೊದಲೇ ಸತ್ತಿದ್ದನ್ನು ಕೊಯ್ದರೆ ಚರ್ಮದ ಕೆಳಗೆ ರಕ್ತನಾಳ ತುಂಬಿಕೊಂಡು ಮಾಂಸ ಕಂದುಗೆಂಪಾಗಿ, ಕೆಲವೆಡೆ ನೀಲಿಯಾಗಿ ಕಾಣುತ್ತದೆ. ಪುಕ್ಕ ಬಿಡಿಸಲು ಅದ್ದುವ ಬಿಸಿನೀರಿನ ಡ್ರಮ್ಮಿನತ್ತ ಒಮ್ಮೆ ಕಣ್ಣು ಹಾಯಿಸಿ. ಬೆಳಗಿನಿಂದ ಬದಲಾಗದ ಕಪ್ಪುನೀರಿನಲ್ಲಿ ಅದ್ದಿದರೆ ಒಂದರ ಕೊಳೆ ಎಲ್ಲಕ್ಕೂ. ಕೊಚ್ಚುವ ಕೊರಡು, ಮಚ್ಚು, ಕೈ ತೊಳೆಯುವ ನೀರು ಇವೇ ಅಂಗಡಿಯ ನಿಜವಾದ ಬೋರ್ಡು. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡುವುದೂ ಗಿರಾಕಿಯ ಹಕ್ಕು.

ತೂಕದ ಲೆಕ್ಕವನ್ನೂ ತಿಳಿದಿರಿ. ಜೀವಂತ ಎರಡು ಕೆ.ಜಿ. ಬ್ರಾಯ್ಲರಿನಿಂದ ಚರ್ಮ ತೆಗೆದ ಮಾಂಸ ಸಿಗುವುದು ಸುಮಾರು 1.3ರಿಂದ 1.4 ಕೆ.ಜಿ. ಊರ ಕೋಳಿಯಲ್ಲಿ ಇನ್ನೂ ಸ್ವಲ್ಪ ಕಮ್ಮಿ. ಜೀವದ ದರ, ಮಾಂಸದ ದರ ಎರಡನ್ನೂ ಕೇಳಿದರೆ ಮಾತ್ರ ಹೋಲಿಕೆ ಸರಿಹೋಗುತ್ತದೆ. ತೀರಾ ದೊಡ್ಡ ಬ್ರಾಯ್ಲರ್ ಬೇಡ. ಅತಿವೇಗದಲ್ಲಿ ಬೆಳೆದು ಭಾರವಾದ ಹಕ್ಕಿಯ ಎದೆಮಾಂಸದಲ್ಲಿ ಬಿಳಿ ಗೆರೆ ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ಮರದಂತೆ ಬಿರುಸಾಗಿರುತ್ತದೆ. ಒಂದೂವರೆಯಿಂದ ಎರಡು ಕೆ.ಜಿ. ಒಳಗಿನದು ಮನೆ ಅಡುಗೆಗೆ ಹದ. ಗುಂಡಿಗೆ, ಈಲಿ, ಕಂದನಕಾಯಿ ಕೇಳಿ ಪಡೆಯಿರಿ. ಅವು ನಿಮ್ಮ ದುಡ್ಡಿನವೇ.

ಮನೆಗೆ ತಂದ ಮೇಲೆ

ಕೊಯ್ದ ಸ್ವಲ್ಪ ಹೊತ್ತಿಗೆ ಮಾಂಸ ಬಿಗಿಯುತ್ತದೆ. ಆಗಲೇ ಒಲೆಗೇರಿಸಿದರೆ ಎಳೆಯ ಕೋಳಿಯೂ ನಾರುನಾರು. ನಾಲ್ಕಾರು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಆ ಬಿಗುವು ಸಡಿಲವಾಗುತ್ತದೆ. ಶನಿವಾರ ಸಂಜೆ ತಂದು, ಕೆ.ಜಿ.ಗೆ ಎರಡು ಚಮಚದಂತೆ ಉಪ್ಪು, ಚಿಟಿಕೆ ಅರಿಶಿನ ಸವರಿ ಇಟ್ಟು, ಭಾನುವಾರ ಬೇಯಿಸುವುದು ಜಾಣತನ. ಉಪ್ಪು ಒಳಗಿಳಿದು ಮಾಂಸದ ನೀರನ್ನು ಹಿಡಿದಿಡುತ್ತದೆ. ಎಸರಿಗೆ ಉಪ್ಪು ಹಾಕುವಾಗ ಇದನ್ನು ನೆನಪಿಟ್ಟುಕೊಂಡರೆ ಸಾಕು. ಹಸಿ ಮಾಂಸ ಫ್ರಿಜ್ಜಿನಲ್ಲಿ ಒಂದೆರಡು ದಿನಕ್ಕಿಂತ ಹೆಚ್ಚು ಬೇಡ.

ಐದಾರು ನೀರಿನಲ್ಲಿ ತೊಳೆಯುವುದು ನಮ್ಮ ಕಡೆಯ ರೂಢಿ. ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಹನಿಹನಿಯಾಗಿ ಸಿಡಿದು ಪಕ್ಕದ ಕೊತ್ತಂಬರಿ ಸೊಪ್ಪಿಗೂ ಹತ್ತುತ್ತದೆ. ಅವನ್ನು ಕೊಲ್ಲುವುದು ಬೆಂಕಿಯೇ ಹೊರತು ನೀರಲ್ಲ. ಪುಕ್ಕದ ಚೂರು, ಮೂಳೆ ಪುಡಿ ಇದ್ದರೆ ಅಗಲ ಪಾತ್ರೆಯ ನೀರಿನಲ್ಲಿ ಮೆಲ್ಲಗೆ ಜಾಲಿಸಿ ಬಸಿಯಿರಿ. ಆಮೇಲೆ ತೊಟ್ಟಿ, ಚಾಕು, ಕೈ ಸೋಪಿನಿಂದ ತೊಳೆಯಿರಿ. ಈರುಳ್ಳಿ ಹೆಚ್ಚುವ ಮಣೆ ಬೇರೆಯೇ ಇರಲಿ.

ನಾಟಿ ಎಸರು

ಹಳೆ ಮೈಸೂರು ಕಡೆಯ ಎಸರಿನ ಮೊದಲ ಗುಟ್ಟು ಚರ್ಮ. ಪುಕ್ಕ ಕಿತ್ತ ಕೋಳಿಗೆ ಅರಿಶಿನ ಬಳಿದು ಹುಲ್ಲಿನ ಉರಿಯಲ್ಲಿ ಸುಡುವುದು ಹಳ್ಳಿಯ ಕ್ರಮ. ಸಣ್ಣ ಕೂದಲು ಸುಟ್ಟುಹೋಗುತ್ತದೆ, ಚರ್ಮದ ಕೊಬ್ಬಿಗೆ ಹೊಗೆಯ ಘಮ ಹತ್ತುತ್ತದೆ. ಪೇಟೆಯಲ್ಲಿ ಗ್ಯಾಸಿನ ಉರಿ ಸಾಕು. ಅಂಗಡಿಯಲ್ಲಿ ‘ಚರ್ಮ ಸಮೇತ’ ಎಂದು ಹೇಳುವುದನ್ನು ಮರೆಯಬೇಡಿ.

ಒಂದು ಕೆ.ಜಿ. ಮಾಂಸಕ್ಕೆ ಮೂರು ಚಮಚ ಧನಿಯಾ, ಹತ್ತು ಹನ್ನೆರಡು ಒಣಮೆಣಸಿನಕಾಯಿ (ಅರ್ಧ ಬ್ಯಾಡಗಿ, ಅರ್ಧ ಗುಂಟೂರು), ಒಂದು ಚಮಚ ಕಾಳುಮೆಣಸು, ಎರಡು ತುಂಡು ಚಕ್ಕೆ, ನಾಲ್ಕು ಲವಂಗ, ಒಂದು ಚಮಚ ಗಸಗಸೆ ಇವನ್ನು ಬೇರೆ ಬೇರೆಯಾಗಿ ಹದವಾಗಿ ಹುರಿಯಿರಿ. ಎರಡು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಒಂದಿಂಚು ಶುಂಠಿಯನ್ನು ಎಣ್ಣೆಯಲ್ಲಿ ಕೆಂಪಗೆ ಬಾಡಿಸಿ, ಹುರಿದ ಮಸಾಲೆಯ ಜೊತೆ ಸೇರಿಸಿ ಖಾರ ಅರೆಯಿರಿ. ಅರ್ಧ ಹೋಳು ಕಾಯಿತುರಿ, ಒಂದು ಚಮಚ ಹುರಿಗಡಲೆಯನ್ನು ಬೇರೆಯಾಗಿ ಅರೆದಿಡಿ. ಕಾಯಿಯನ್ನು ಮೊದಲೇ ಸೇರಿಸಿ ಗಂಟೆಗಟ್ಟಲೆ ಕುದಿಸಿದರೆ ಎಸರು ಒಡೆಯುತ್ತದೆ.

ಪಾತ್ರೆಗೆ ಎಣ್ಣೆ, ಹೆಚ್ಚಿದ ಈರುಳ್ಳಿ, ಅರಿಶಿನ, ಮಾಂಸ ಹಾಕಿ ಅದರದೇ ನೀರು ಬಿಟ್ಟು ಇಂಗುವ ತನಕ ಬಾಡಿಸಿ. ಈ ಹತ್ತು ನಿಮಿಷವನ್ನು ಉಳಿಸಲು ಹೋದವರ ಎಸರು ಹಸಿ ವಾಸನೆ ಹೊಡೆಯುತ್ತದೆ. ಆಮೇಲೆ ಬಿಸಿನೀರು ಹೊಯ್ದು, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಲು ಬಿಡಿ. ಏಳೆಂಟು ತಿಂಗಳ ಹೇಂಟೆಗೆ ಮುಕ್ಕಾಲು ಗಂಟೆ, ವರ್ಷ ದಾಟಿದ ಹುಂಜಕ್ಕೆ ಒಂದೂವರೆ ಗಂಟೆ. ಕುಕ್ಕರಿನಲ್ಲಾದರೆ ಐದಾರು ಕೂಗು. ಮಾಂಸ ಮುಕ್ಕಾಲು ಬೆಂದಾಗ ಅರೆದ ಖಾರ ಹಾಕಿ, ಎಣ್ಣೆ ಮೇಲೆ ತೇಲುವವರೆಗೆ ಕುದಿಸಿ. ಕೊನೆಗೆ ಕಾಯಿ. ಅದು ಬಿದ್ದ ಮೇಲೆ ಐದಾರು ನಿಮಿಷ ಕುದಿದರೆ ಸಾಕು. ಹಿಟ್ಟಿಗೆ ತೆಳ್ಳಗಿರಲಿ, ಅನ್ನಕ್ಕೆ ತುಸು ಮಂದ.

ಅಗ್ಗಕ್ಕೆ ಸಿಕ್ಕ ಲೇಯರನ್ನೂ ಬಿಸಾಡಬೇಕಿಲ್ಲ. ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ಆ ನೀರನ್ನು ಎಸರಿಗೆ ಬಳಸಿ, ಮಾಂಸವನ್ನು ಮೂಳೆಯಿಂದ ಬಿಡಿಸಿ ಕಾಳುಮೆಣಸಿನಲ್ಲಿ ಹುರಿದರೆ ಬೇರೆಯದೇ ರುಚಿ.

ಬ್ರಾಯ್ಲರಿಗೂ ಮರ್ಯಾದೆ

ಬ್ರಾಯ್ಲರಿನಲ್ಲಿ ನಾಟಿಯ ರುಚಿ ಹುಡುಕುವುದನ್ನು ಬಿಟ್ಟರೆ ಅದು ಒಳ್ಳೆಯ ಕೋಳಿಯೇ. ಕಬಾಬು, ಪೆಪ್ಪರ್ ಡ್ರೈ, ಬಿರಿಯಾನಿ, ಹಸಿಮೆಣಸಿನ ಹಸಿರು ಮಸಾಲೆಗೆ ಅದೇ ಸರಿ. ಮೊಸರು, ಶುಂಠಿ–ಬೆಳ್ಳುಳ್ಳಿ, ಉಪ್ಪು ಹಚ್ಚಿ ಎರಡು ಮೂರು ಗಂಟೆ ಇಡಿ. ಎದೆಮಾಂಸ ಬೇಗ ಬೇಯುತ್ತದೆ, ತೊಡೆ ತಡವಾಗಿ ಬೇಯುತ್ತದೆ. ಬಾಣಲೆಗೆ ತೊಡೆ ಮೊದಲು, ಎದೆ ಆಮೇಲೆ ಹಾಕಿದರೆ ಎರಡೂ ಹದ. ಮೂಳೆಯ ಬುಡದಲ್ಲಿ ಚುಚ್ಚಿದಾಗ ಬರುವ ರಸ ತಿಳಿಯಾಗಿದ್ದು, ಹತ್ತಿರದ ಮಾಂಸದಲ್ಲಿ ಹಸಿತನ ಇಲ್ಲದಿದ್ದರೆ ಬೆಂದಿದೆ ಎಂದರ್ಥ. ಥರ್ಮಾಮೀಟರ್ ಇದ್ದರೆ 74 ಡಿಗ್ರಿ ನೋಡಿ.

ಕಬಾಬಿಗೆ ಕೆಂಪು ಬಣ್ಣದ ಪುಡಿ ಖಂಡಿತ ಬೇಡ. ಹೋಟೆಲುಗಳ ಕಬಾಬಿನ ಮಾದರಿಗಳಲ್ಲಿ ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಪತ್ತೆಯಾದ ಮೇಲೆ 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ರಾಜ್ಯದಲ್ಲಿ ಕೆಂಪಿಗೆ ಬರವೇ?

ಕೊಳ್ಳುವ ಮುನ್ನ ನೆನಪಿಡಿ

• ಎಸರಿಗೆ: ಆರು ತಿಂಗಳು ದಾಟಿದ ಊರ ಕೋಳಿ, ಇಲ್ಲವೇ ನಾಲ್ಕೈದು ತಿಂಗಳ ಗಿರಿರಾಜ, ಚರ್ಮ ಸಮೇತ.
• ಕಬಾಬು, ಬಿರಿಯಾನಿಗೆ: ಎರಡು ಕೆ.ಜಿ. ಒಳಗಿನ ಬ್ರಾಯ್ಲರ್.
• ಮೊಂಡು ಕೊಕ್ಕು ಕಂಡರೆ ನಾಟಿ ದರ ಕೊಡಬೇಡಿ.
• ಕೊಯ್ದು ಬೆಳಗಿನಿಂದ ನೇತುಹಾಕಿದ್ದು ಬೇಡ, ಕಣ್ಣೆದುರು ಕೊಯ್ದದ್ದು ಬೇಕು.
• ಉಳಿದ ಎಸರನ್ನು ಎರಡು ಗಂಟೆಯೊಳಗೆ ತಣಿಸಿ ಫ್ರಿಜ್ಜಿಗಿಡಿ. ಮರುದಿನ ಕುದಿ ಬರುವಂತೆ ಕಾಯಿಸಿಯೇ ಬಡಿಸಿ.

ಹಿತ್ತಿಲು ಇರುವವರು ಐದಾರು ಹೇಂಟೆ, ಒಂದು ಹುಂಜ ಸಾಕಲು ಯೋಚಿಸಬಹುದು. ಮರಿಗೆ ಮೊದಲ ವಾರ ಕಣ್ಣಿಗೆ ಹಾಕುವ ಲಸೋಟಾ ಹನಿ, ಆರರಿಂದ ಎಂಟನೇ ವಾರದಲ್ಲಿ ಕೊಡುವ ಆರ್‌2ಬಿ ಚುಚ್ಚುಮದ್ದು ಕೊಕ್ಕರೆ ರೋಗಕ್ಕೆ ತಡೆ. ವಿವರಕ್ಕೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ. ಹಿತ್ತಿಲು ಇಲ್ಲದವರು ಕೋಳಿ ಸಾಕುವ ಒಂದು ಮನೆಯ ಪರಿಚಯ ಮಾಡಿಕೊಳ್ಳಿ. ಮಧ್ಯವರ್ತಿಗೆ ಹೋಗುವ ದುಡ್ಡು ಆ ಮನೆಯ ಹೆಣ್ಣುಮಗಳ ಕೈಗೇ ಸೇರುತ್ತದೆ, ನಿಮಗೂ ಕೋಳಿಯ ವಯಸ್ಸು ದಿನದ ಲೆಕ್ಕದಲ್ಲಿ ತಿಳಿಯುತ್ತದೆ. ಎರಡೂ ಆಗದವರು ಮುಂದಿನ ಭಾನುವಾರ ಅಂಗಡಿಯಲ್ಲಿ ‘ಎಷ್ಟು ದಿನದ ಕೋಳಿ? ಎಲ್ಲಿಂದ ಬಂತು?’ ಎಂಬ ಎರಡು ಪ್ರಶ್ನೆ ಕೇಳಿ. ಉತ್ತರ ಕೊಡುವ ಅಂಗಡಿಗೆ ಮತ್ತೆ ಹೋಗಿ. ತಡವರಿಸುವ ಅಂಗಡಿಯನ್ನು ಬಿಡಿ.